ದೊಡ್ಡ ಬಾಸ್ ಬೇಕೆಂದರೆ ಸಣ್ಣ ಮೀನಿನ ಆಸೆ ಬಿಡಬೇಕು

ಅಮೆರಿಕದಲ್ಲಿ ನೆಲೆಸಿ, ವಾರಾಂತ್ಯಕ್ಕೆ ಗಾಳ ಹಿಡಿದು ಹೊರಡುವ ರೂಢಿ ಮಾಡಿಕೊಂಡವರಿಗೆ ಒಂದೆರಡು ವರ್ಷದಲ್ಲಿ ಲಾರ್ಜ್‌ಮೌತ್ ಬಾಸ್ ಚೆನ್ನಾಗಿಯೇ ಪರಿಚಯವಾಗಿರುತ್ತದೆ. ಒಂದು ಪೌಂಡಿನದು, ಒಂದೂವರೆ ಪೌಂಡಿನದು, ದಿನ ಚೆನ್ನಾಗಿದ್ದರೆ ಮೂರು ಪೌಂಡಿನದು ಸಿಗುತ್ತಲೇ ಇರುತ್ತವೆ. ಅಲ್ಲಿಂದ ಮುಂದಕ್ಕೆ ಮಾತ್ರ ಕೆಲಸ ಸಾಗುವುದಿಲ್ಲ. ಅದೇ ಜಲಾಶಯದಲ್ಲಿ ಯಾರೋ ಹತ್ತು ಪೌಂಡಿನ ಮೀನು ಹಿಡಿದ ಸುದ್ದಿ ಬರುತ್ತದೆ. ನಿಮ್ಮ ಗಾಳಕ್ಕೆ ಮತ್ತದೇ ಮರಿಗಳು. ಇದನ್ನು ಅದೃಷ್ಟದ ಮಾತೆಂದು ಬಿಟ್ಟುಬಿಡುವವರು ಹಲವರು. ಇನ್ನು ಕೆಲವರು ಇನ್ನಷ್ಟು ಹೊತ್ತು ಕೂರುತ್ತಾರೆ, ಇನ್ನಷ್ಟು ದುಬಾರಿ ಸಾಮಾನು ಕೊಳ್ಳುತ್ತಾರೆ. ಇವೆರಡರಿಂದಲೂ ಹೆಚ್ಚು ಪ್ರಯೋಜನವಿಲ್ಲ. ಸಣ್ಣ ಬಾಸ್ ಹಿಡಿಯುವ ವಿಧಾನವನ್ನೇ ಹೆಚ್ಚು ಹೊತ್ತು ಮಾಡಿದರೆ ಹೆಚ್ಚು ಸಣ್ಣ ಬಾಸ್ ಸಿಗುತ್ತವೆ, ಅಷ್ಟೇ. ದೊಡ್ಡದು ಬೇಕೆಂದರೆ ನೀರು, ಕಾಲ, ಜಾಗ, ಎರೆ, ದಾರ ಎಲ್ಲವನ್ನೂ ಅದೊಂದಕ್ಕಾಗಿಯೇ ಆರಿಸಬೇಕು. ಸಣ್ಣದು ಸಿಗದೆ ಬರಿಗೈಯಲ್ಲಿ ಮನೆಗೆ ಬರುವ ದಿನಗಳನ್ನು ಆ ಆಯ್ಕೆಯ ಬೆಲೆಯೆಂದು ಒಪ್ಪಿಕೊಳ್ಳಬೇಕು.

ದೊಡ್ಡದು ಎಂದರೆ ಎಷ್ಟು ದೊಡ್ಡದು? ಜಾರ್ಜ್ ಪೆರ್ರಿ 1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದ ಮಾಂಟ್‌ಗೊಮೆರಿ ಲೇಕ್‌ನಲ್ಲಿ ಹಿಡಿದ ಬಾಸ್ 22 ಪೌಂಡ್ 4 ಔನ್ಸ್ ತೂಗಿತ್ತು, ಅಂದರೆ ಹತ್ತು ಕಿಲೋ ದಾಟಿತ್ತು. ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ 2009ರ ಜುಲೈ 2ರಂದು ಹಿಡಿದದ್ದು ಅದಕ್ಕಿಂತ ಒಂದು ಔನ್ಸಿನಷ್ಟೂ ಹೆಚ್ಚಿರಲಿಲ್ಲ. ಹಳೆಯ ದಾಖಲೆ ಮುರಿಯಲು ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕೆಂಬ ನಿಯಮವಿರುವುದರಿಂದ ಇಬ್ಬರ ಹೆಸರೂ ಜೊತೆಯಾಗಿ ನಿಂತಿವೆ. ನಮ್ಮ ಗುರಿ ಅಷ್ಟು ಎತ್ತರದ್ದಲ್ಲ. ಫ್ಲಾರಿಡಾ, ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ಹತ್ತು ಪೌಂಡ್ ಎಂಬುದು ಗಂಭೀರ ಹವ್ಯಾಸಿಗಳ ಅಳತೆಗೋಲು. ಮಿಶಿಗನ್, ಮಿನ್ನೆಸೋಟಾದಂಥ ಚಳಿನಾಡಿನಲ್ಲಿ ಮೀನು ಬೆಳೆಯುವ ತಿಂಗಳುಗಳೇ ಕಡಿಮೆ. ಅಲ್ಲಿ ಐದಾರು ಪೌಂಡಿನದು ಅಷ್ಟೇ ಗೌರವಕ್ಕೆ ಅರ್ಹ.

ದೊಡ್ಡ ಮೀನು ಏಕೆ ಬೇರೆ

ಐದಾರು ಪೌಂಡ್ ದಾಟಿದ ಬಾಸ್ ಬಹುಪಾಲು ಹೆಣ್ಣು. ಗಂಡು ಅಷ್ಟು ಬೆಳೆಯುವುದು ಅಪರೂಪ. ಹತ್ತು ಪೌಂಡಿನದು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನ ಮೀನು. ಇಷ್ಟು ವರ್ಷ ಬದುಕಿ ಇಷ್ಟು ತೂಕ ಕಟ್ಟಿಕೊಂಡದ್ದು ಮನೆವಾರ್ತೆಯ ಲೆಕ್ಕದಂತೆ ಖರ್ಚು ಕಡಿಮೆ, ಆದಾಯ ಹೆಚ್ಚು ಇಟ್ಟುಕೊಂಡದ್ದರಿಂದ. ಎರಡಿಂಚಿನ ಮರಿಮೀನಿನ ಹಿಂದೆ ಇಪ್ಪತ್ತು ಅಡಿ ಓಡಿದರೆ ದೊಡ್ಡ ಮೈಗೆ ಅದರಿಂದ ದಕ್ಕುವುದಕ್ಕಿಂತ ಕಳೆಯುವುದೇ ಹೆಚ್ಚು. ಆದ್ದರಿಂದ ಅದು ಆಳಕ್ಕೆ ಹತ್ತಿರವಿರುವ, ಮರೆಯಿರುವ, ಆಹಾರ ತಾನಾಗಿ ಹಾದುಹೋಗುವ ಒಂದು ಜಾಗ ನೋಡಿಕೊಂಡು ನಿಲ್ಲುತ್ತದೆ. ದಿನದ ಬಹುಪಾಲು ಸುಮ್ಮನಿದ್ದು, ಕೆಲವೇ ಹೊತ್ತು ಬೇಟೆಯಾಡುತ್ತದೆ. ಬೇಟೆಯಾಡಿದಾಗ ತುಂಬು ತುತ್ತನ್ನೇ ನೋಡುತ್ತದೆ. ಲಾರ್ಜ್‌ಮೌತ್ ಬಾಸಿನ ಬಾಯಿ ಹೆಸರಿಗೆ ತಕ್ಕಂತೆ ಅಗಲ. ಶ್ಯಾಡ್, ಟ್ರೌಟ್‌ಗಳಂಥ ಸಪೂರ ಮೀನಾದರೆ ತನ್ನುದ್ದದ ಸುಮಾರು ಅರ್ಧದಷ್ಟಿರುವುದನ್ನೂ ನುಂಗಬಲ್ಲದು.

ಕ್ಯಾಲಿಫೋರ್ನಿಯಾದ ಇತಿಹಾಸ ಇದನ್ನು ಚೆನ್ನಾಗಿ ತೋರಿಸುತ್ತದೆ. 1959ರಲ್ಲಿ ಫ್ಲಾರಿಡಾ ತಳಿಯ ಬಾಸನ್ನು ಸ್ಯಾನ್ ಡಿಯಾಗೋ ಕಡೆಯ ಜಲಾಶಯಗಳಿಗೆ ತಂದು ಬಿಟ್ಟರು. ಆ ತಳಿ ಉತ್ತರದ ತಳಿಗಿಂತ ಹೆಚ್ಚು ಬೆಳೆಯುತ್ತದೆ. ಅದೇ ಜಲಾಶಯಗಳಿಗೆ ಹವ್ಯಾಸಿಗಳಿಗೆಂದು ಚಳಿಗಾಲದಲ್ಲಿ ರೈನ್‌ಬೋ ಟ್ರೌಟ್ ಮೀನನ್ನು ಲಾರಿಗಳಲ್ಲಿ ತಂದು ಸುರಿಯುವ ಪದ್ಧತಿಯಿತ್ತು. ಸಾಕಣೆ ಕೊಳದಲ್ಲಿ ಬೆಳೆದ, ತಪ್ಪಿಸಿಕೊಳ್ಳಲು ಅರಿಯದ, ಕೊಬ್ಬಿದ ಟ್ರೌಟ್ ದೊಡ್ಡ ಬಾಸಿಗೆ ಶ್ರಮವಿಲ್ಲದ ಊಟವಾಯಿತು. ಬಾಬ್ ಕ್ರುಪಿ 1991ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಬಳಿಯ ಕ್ಯಾಸ್ಟೇಕ್ ಸರೋವರದಲ್ಲಿ 22 ಪೌಂಡಿನ ಬಾಸ್ ಹಿಡಿದದ್ದು ಇಂಥ ನೀರಿನಲ್ಲೇ. ಅಂಗೈಗಿಂತ ಉದ್ದನೆಯ, ಟ್ರೌಟಿನ ರೂಪದ ಸ್ವಿಮ್‌ಬೇಟ್ ಎಂಬ ಕೃತಕ ಎರೆಗಳು ಬಳಕೆಗೆ ಬಂದು ಹರಡಿದ್ದೂ ಈ ಸೀಮೆಯಿಂದಲೇ. ದೊಡ್ಡ ತಳಿ, ದೊಡ್ಡ ತುತ್ತು, ಕಡಿಮೆ ಓಡಾಟ: ಮೂರೂ ಕೂಡಿದಲ್ಲಿ ದೈತ್ಯ ಬಾಸ್ ಹುಟ್ಟಿತು.

ಇದಕ್ಕೊಂದು ಬಲವಾದ ಆಕ್ಷೇಪವಿದೆ; ತಳ್ಳಿಹಾಕುವಂಥದ್ದಲ್ಲ. ಟೆಕ್ಸಾಸಿನ ದಾಖಲೆಯ ಬಾಸ್, 18.18 ಪೌಂಡಿನದು, 1992ರ ಜನವರಿಯಲ್ಲಿ ಲೇಕ್ ಫೋರ್ಕ್‌ನಲ್ಲಿ ಬ್ಯಾರಿ ಸೇಂಟ್ ಕ್ಲೇರ್ ಅವರಿಗೆ ಸಿಕ್ಕಿತು. ಅವರು ಹಾಕಿದ್ದು ಬಾಸಿಗೆ ಗಾಳವಲ್ಲ, ಕ್ರ್ಯಾಪಿ ಎಂಬ ಸಣ್ಣ ಮೀನಿಗೆ. ಎರೆ ಒಂದು ಪುಟ್ಟ ಜೀವಂತ ಮೀನು. ಹಾಗಾದರೆ ದೊಡ್ಡ ಎರೆಯ ವಾದ ಎಲ್ಲಿ ಉಳಿಯಿತು? ದೊಡ್ಡ ಬಾಸ್ ಸಣ್ಣದನ್ನು ತಿನ್ನುವುದೇ ಇಲ್ಲವೆಂದು ಯಾರೂ ಹೇಳಲಾರರು. ಬಾಯಿಗೆ ಒಂದಡಿ ದೂರದಲ್ಲಿ, ಆಳದ ತಣ್ಣನೆಯ ನೀರಿನಲ್ಲಿ, ಓಡದೆ ನಿಂತ ತುತ್ತನ್ನು ಅದು ಬಿಡುವುದಿಲ್ಲ. ಅಲ್ಲಿ ಗೆದ್ದದ್ದು ಜಾಗ ಮತ್ತು ಕಾಲ. ಸಣ್ಣ ಎರೆಯ ನಿಜವಾದ ತೊಂದರೆ ಬೇರೆ: ಜಲಾಶಯದಲ್ಲಿ ಹತ್ತು ಪೌಂಡಿನದು ಒಂದಿದ್ದರೆ ಒಂದು ಪೌಂಡಿನವು ನೂರಾರು, ಅವುಗಳಿಗೆ ಚುರುಕೂ ಹೆಚ್ಚು. ಸಣ್ಣ ಎರೆ ದೊಡ್ಡದರ ಬಳಿ ಹೋಗುವ ಮೊದಲೇ ಅವು ಕಿತ್ತುಕೊಳ್ಳುತ್ತವೆ. ನೀವು ಅದನ್ನು ಎಳೆದು, ಬಿಡಿಸಿ, ಮತ್ತೆ ಎಸೆಯುವ ಗಲಾಟೆಯಲ್ಲಿ ದೊಡ್ಡದು ಜಾಗ ಬಿಟ್ಟಿರುತ್ತದೆ. ದೊಡ್ಡ ಎರೆಯ ಅರ್ಧ ಗುಣ ದೊಡ್ಡದನ್ನು ಕರೆಯುವುದಾದರೆ ಉಳಿದರ್ಧ ಸಣ್ಣವನ್ನು ದೂರವಿಡುವುದು.

ಮೊದಲು ನೀರು ಆರಿಸಿ

ಎರೆ, ರಾಡ್, ರೀಲ್‌ಗಳ ಮಾತಿಗೆ ಮೊದಲೇ ಇದು ಬರಬೇಕು. ಬಹಳಷ್ಟು ಲೇಖನಗಳಲ್ಲಿ ಕೊನೆಗೆ ಬರುತ್ತದೆ. ಹತ್ತು ಪೌಂಡಿನ ಮೀನೇ ಇಲ್ಲದ ಕೆರೆಯಲ್ಲಿ ಎಷ್ಟು ಜಾಣತನ ತೋರಿದರೂ ಅದು ಸಿಗದು. ಟೆಕ್ಸಾಸ್ ಸರ್ಕಾರದ ಶೇರ್‌ಲಂಕರ್ ಕಾರ್ಯಕ್ರಮ 1986ರಿಂದ ನಡೆಯುತ್ತಿದೆ. ಜನವರಿ 1ರಿಂದ ಮಾರ್ಚ್ 31ರೊಳಗೆ ಸಿಕ್ಕ 13 ಪೌಂಡ್ ಅಥವಾ ಹೆಚ್ಚಿನ ತೂಕದ ಬಾಸನ್ನು ಮರಿ ಮಾಡಿಸಲು ಪಡೆದು, ಯಾವ ಜಲಾಶಯದಲ್ಲಿ ಎಷ್ಟು ತೂಕದ್ದು ಸಿಕ್ಕಿತೆಂಬುದನ್ನು ಪ್ರಕಟಿಸುತ್ತದೆ. ಫ್ಲಾರಿಡಾದಲ್ಲಿ 2012ರಿಂದ ಟ್ರೋಫಿಕ್ಯಾಚ್ ಎಂಬುದಿದೆ. 8 ಪೌಂಡ್ ದಾಟಿದ್ದನ್ನು ಹಿಡಿದು ಮರಳಿ ಬಿಟ್ಟವರ ದಾಖಲೆ ಅದರಲ್ಲಿದೆ. ಈ ಪಟ್ಟಿಗಳು ಸಾರ್ವಜನಿಕ. ಡಲ್ಲಾಸ್ ಕಡೆಯವರಿಗೆ ಲೇಕ್ ಫೋರ್ಕ್, ಆಸ್ಟಿನ್‌ನವರಿಗೆ ಊರೊಳಗಿನ ಲೇಕ್ ಆಸ್ಟಿನ್, ಪಶ್ಚಿಮ ಟೆಕ್ಸಾಸಿಗೆ ಓ.ಎಚ್. ಐವಿ, ಬೇ ಏರಿಯಾದವರಿಗೆ ಕ್ಲಿಯರ್ ಲೇಕ್ ಮತ್ತು ಡೆಲ್ಟಾ, ಒರ್ಲ್ಯಾಂಡೋದವರಿಗೆ ಕಿಸಿಮ್ಮೀ ಸರೋವರಗಳ ಸಾಲು ಹೆಸರಾದವು. ಮನೆ ಹತ್ತಿರದ ಪಾರ್ಕಿನ ಕೊಳದಲ್ಲಿ ಹತ್ತು ಭಾನುವಾರ ಕಳೆಯುವುದಕ್ಕಿಂತ ಇಂಥಲ್ಲಿ ಎರಡು ಭಾನುವಾರ ಕಳೆಯುವುದು ಲಾಭ.

ವಿಸ್ತಾರ ನೋಡಿ ಮರುಳಾಗಬೇಡಿ. ಸ್ಯಾನ್ ಡಿಯಾಗೋ ಜಿಲ್ಲೆಯ ಎಸ್ಕಾಂಡಿಡೋದಲ್ಲಿರುವ ಡಿಕ್ಸನ್ ಲೇಕ್ ಪುಟ್ಟದು. ಕಿವಿರಿನ ಬಳಿ ಕಪ್ಪು ಚುಕ್ಕೆಯಿದ್ದ ಒಂದು ಹೆಣ್ಣು ಬಾಸ್ ಅಲ್ಲಿ 2003ರಲ್ಲಿ ಜೆಡ್ ಡಿಕರ್‌ಸನ್ ಎಂಬವರಿಗೆ 21 ಪೌಂಡ್ 11 ಔನ್ಸ್ ತೂಗಿ, ಮರಳಿ ನೀರು ಸೇರಿತು. ಅದೇ ಮೀನು 2006ರ ಮಾರ್ಚ್ 20ರಂದು ಮ್ಯಾಕ್ ವೀಕ್ಲಿ ಅವರ ಕೈಗೆ ಬಂದಾಗ ತಕ್ಕಡಿ 25 ಪೌಂಡ್ 1 ಔನ್ಸ್ ತೋರಿಸಿತು. ಕೊಕ್ಕೆ ಬಾಯಿಗಲ್ಲದೆ ಹೊರಮೈಗೆ ಸಿಕ್ಕಿಕೊಂಡಿದ್ದರಿಂದ ಅವರು ದಾಖಲೆ ಕೇಳಲಿಲ್ಲ, ಮೀನನ್ನು ಬಿಟ್ಟರು. ಸಣ್ಣ ನೀರೂ ದೈತ್ಯವನ್ನು ಬೆಳೆಸಬಲ್ಲದು, ಬಿಟ್ಟ ಮೀನು ಇನ್ನೂ ಬೆಳೆಯಬಲ್ಲದು ಎಂಬ ಎರಡಕ್ಕೂ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕಾಲ ಮತ್ತು ಜಾಗ

ಬಾಸ್ ತಣ್ಣನೆಯ ರಕ್ತದ ಪ್ರಾಣಿ. ಅದರ ಹಸಿವು, ಜೀರ್ಣ, ಓಡಾಟ ಎಲ್ಲ ನೀರಿನ ಉಷ್ಣತೆಗೆ ಕಟ್ಟಿಕೊಂಡಿವೆ. ಹುಣ್ಣಿಮೆ, ಗಾಳಿಯ ದಿಕ್ಕು, ಹವೆಯ ಒತ್ತಡಗಳ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ; ಅವಕ್ಕೆ ಅಲ್ಪಸ್ವಲ್ಪ ಬೆಲೆ ಇರಬಹುದು. ಒಂದೇ ಒಂದನ್ನು ನೋಡಲು ಪುರುಸೊತ್ತಿದ್ದರೆ ಥರ್ಮಾಮೀಟರ್ ನೋಡಿ. ನೀರು 50ರಿಂದ 60 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ 10ರಿಂದ 15 ಸೆಲ್ಸಿಯಸ್‌ಗೆ ಏರುತ್ತಿರುವ ವಾರಗಳೇ ವರ್ಷದ ಅತ್ಯುತ್ತಮ ಕಾಲ. ಮೊಟ್ಟೆ ಹೊತ್ತ ಹೆಣ್ಣುಗಳು ಆಳದಿಂದ ದಂಡೆಯ ಕಡೆಗೆ ಹೊರಟಿರುತ್ತವೆ, ಹೊಟ್ಟೆಬಾಕತನ ಜಾಸ್ತಿಯಿರುತ್ತದೆ, ವರ್ಷದಲ್ಲೇ ಹೆಚ್ಚು ತೂಕವೂ ಆಗಲೇ. ಟೆಕ್ಸಾಸಿನಲ್ಲಿ ಇದು ಫೆಬ್ರವರಿ ಆಸುಪಾಸು. ಫ್ಲಾರಿಡಾದಲ್ಲಿ ಇನ್ನೂ ಮುಂಚೆ. ಉತ್ತರಕ್ಕೆ ಹೋದಂತೆ ಏಪ್ರಿಲ್, ಮೇ. ಪೆರ್ರಿಯ ಮೀನು ಜೂನ್‌ನಲ್ಲಿ, ಕುರಿತಾ ಅವರದು ಜುಲೈನಲ್ಲಿ ಸಿಕ್ಕಿತಲ್ಲ ಎಂದು ಕೇಳಬಹುದು. ದೊಡ್ಡ ಮೀನು ಎಲ್ಲ ತಿಂಗಳಲ್ಲೂ ಇರುತ್ತದೆ. ಆದರೆ ವರ್ಷಕ್ಕೆ ಆರೇಳು ದಿನ ಮಾತ್ರ ಬಿಡುವಿರುವ ಉದ್ಯೋಗಸ್ಥರು ಆ ದಿನಗಳನ್ನು ಎಲ್ಲಿ ಖರ್ಚು ಮಾಡಬೇಕೆಂಬುದು ನಮ್ಮ ಪ್ರಶ್ನೆ. ಬೇಸಿಗೆಯೇ ಸಿಕ್ಕರೆ ಬೆಳಗಿನ ಜಾವ, ಅಥವಾ ನಿಯಮ ಒಪ್ಪುವಲ್ಲಿ ರಾತ್ರಿ ಹೋಗಿ.

ಜಾಗದ ಗುಟ್ಟು ಎರಡು ಮಾತಿನಲ್ಲಿದೆ: ಆಳ ಹತ್ತಿರವಿರಬೇಕು, ಅಂಚು ಇರಬೇಕು. ಈ ಜಲಾಶಯಗಳಲ್ಲಿ ಬಹುಪಾಲು ಅಣೆಕಟ್ಟು ಕಟ್ಟಿ ಮುಳುಗಿಸಿದ ಕಣಿವೆಗಳು. ನೀರಡಿಯಲ್ಲಿ ಹಳೆಯ ಹಳ್ಳದ ಪಾತ್ರ, ರಸ್ತೆ, ದಿಣ್ಣೆ, ಮರದ ಬೊಡ್ಡೆಗಳು ಹಾಗೆಯೇ ಇವೆ. ಆಳದ ನಕ್ಷೆ ಈಗ ಫೋನಿನಲ್ಲೇ ಸಿಗುತ್ತದೆ. ಮೊಟ್ಟೆಯಿಡುವ ಆಳವಿಲ್ಲದ ಮೂಲೆಯನ್ನು ಮೊದಲು ಗುರುತಿಸಿ. ಅಲ್ಲಿಂದ ಆಳಕ್ಕೆ ಹೋಗುವ ದಾರಿಯಲ್ಲಿ ಹಳ್ಳದ ಪಾತ್ರ ದಂಡೆಗೆ ತಾಗುವ ಜಾಗ, ನೀರೊಳಕ್ಕೆ ಚಾಚಿದ ದಿಬ್ಬದ ತುದಿ, ಅದರ ಮೇಲೆ ಒಂಟಿಯಾಗಿರುವ ಬಂಡೆ ಅಥವಾ ಬೊಡ್ಡೆ ಹುಡುಕಿ. ಹೆಣ್ಣು ಬಾಸ್ ತಂಗುವುದು ಅಲ್ಲಿ. ಹತ್ತು ಬೊಡ್ಡೆಗಳ ಗುಂಪಿಗಿಂತ ಒಂಟಿ ಬೊಡ್ಡೆ ಮೇಲು, ಏಕೆಂದರೆ ಅಲ್ಲಿ ಮೀನು ಎಲ್ಲಿರಬಹುದೆಂಬುದಕ್ಕೆ ಒಂದೇ ಉತ್ತರ. ಹೈಡ್ರಿಲ್ಲಾದಂಥ ನೀರುಗಿಡ ಬೆಳೆದಲ್ಲಿ ಗಿಡ ಮುಗಿದು ಬಯಲು ನೀರು ಶುರುವಾಗುವ ಗೆರೆಯೇ ಅಂಚು. ದೋಣಿ ಇಲ್ಲದವರು ನಿರಾಶರಾಗಬೇಕಿಲ್ಲ. ಅಣೆಕಟ್ಟಿನ ಕಲ್ಲುಕಟ್ಟಡ, ಸೇತುವೆಯ ಬುಡ, ಕಡಿದಾದ ದಂಡೆಗಳಲ್ಲಿ ಆಳ ನಿಮ್ಮ ಕಾಲಬುಡಕ್ಕೇ ಬರುತ್ತದೆ; ದಂಡೆಯವರಿಗೆ ಶಬ್ದವಿಲ್ಲದೆ ನಿಲ್ಲುವ ಅನುಕೂಲವೂ ಉಂಟು.

ಯಾವ ಎರೆ

ಅಂಗಡಿಯ ಗೋಡೆ ತುಂಬ ತೂಗುವ ಬಣ್ಣಬಣ್ಣದ ಲ್ಯೂರ್‌ಗಳಲ್ಲಿ ನಾಲ್ಕು ಬಗೆ ಸಾಕು.

1. ಜಿಗ್. ಅರ್ಧದಿಂದ ಮುಕ್ಕಾಲು ಔನ್ಸ್ ತೂಕದ ತಲೆ, ರಬ್ಬರ್ ಎಳೆಗಳ ಲಂಗ, ಹಿಂದೆ ಕ್ರಾಫಿಶ್ ಕೊಂಡಿಯಂಥ ಮೆತ್ತನೆಯ ಬಾಲ. ಕೆಲವೇ ಡಾಲರ್ ಬೆಲೆ. ಒಂದನ್ನೇ ಕೊಳ್ಳುವುದಾದರೆ ಇದನ್ನು ಕೊಳ್ಳಿ. ಕ್ರಾಫಿಶ್ ನೆಲದ ಮೇಲೆ ನಿಧಾನಕ್ಕೆ ತೆವಳುವ ಪ್ರಾಣಿ. ತಣ್ಣನೆಯ ನೀರಿನಲ್ಲಿ ಓಡಲೊಲ್ಲದ ದೊಡ್ಡ ಬಾಸಿಗೆ ಹಿಡಿಸುವ ಊಟ. ಗಾತ್ರ ಸಣ್ಣದಾದರೂ ಇದು ಗೆಲ್ಲುವುದು ಈ ಕಾರಣಕ್ಕೆ.

2. ಹತ್ತು–ಹನ್ನೆರಡು ಇಂಚಿನ ಪ್ಲಾಸ್ಟಿಕ್ ಹುಳು. ಟೆಕ್ಸಾಸ್ ರಿಗ್ ಎಂಬ ಕ್ರಮದಲ್ಲಿ 5/0 ಗಾತ್ರದ ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೇ ಹುದುಗಿಸುತ್ತಾರೆ. ಗಿಡ, ಬೊಡ್ಡೆಗೆ ಸಿಕ್ಕಿಕೊಳ್ಳುವುದಿಲ್ಲ. ಬೇಸಿಗೆಯ ಅಂಚುಗಳಿಗೆ, ರಾತ್ರಿಗೆ ಇದು ಸರಿ. ರಾತ್ರಿ ಕಪ್ಪು ಬಣ್ಣದ್ದೇ ಇರಲಿ, ಕೆಳಗಿನಿಂದ ನೋಡುವ ಮೀನಿಗೆ ಅದರ ಆಕಾರ ಸ್ಪಷ್ಟವಾಗಿ ಕಾಣುತ್ತದೆ.

3. ಏಳೆಂಟು ಇಂಚು ಅಥವಾ ಇನ್ನೂ ಉದ್ದದ ಸ್ವಿಮ್‌ಬೇಟ್. ಟ್ರೌಟ್ ಬಿಡುವ ನೀರಿನಲ್ಲಿ ಟ್ರೌಟ್ ಬಣ್ಣ, ಶ್ಯಾಡ್ ಇರುವಲ್ಲಿ ಬೆಳ್ಳಿ ಬಣ್ಣ, ಬ್ಲೂಗಿಲ್ ಇರುವಲ್ಲಿ ಅಗಲ ಮೈಯದು. ಬೆಲೆ ಹೆಚ್ಚು, ಕಚ್ಚುವುದು ಕಡಿಮೆ. ಮೀನು ಹಿಂದೆಯೇ ಬಂದು ನೋಡಿ ತಿರುಗಿ ಹೋಗುವುದು ಸಾಮಾನ್ಯ. ಅದು ಸೋಲಲ್ಲ, ಅಲ್ಲಿ ದೊಡ್ಡದಿದೆ ಎಂಬ ಮಾಹಿತಿ. ಎರಡು ಗಂಟೆ ಬಿಟ್ಟು, ಬೆಳಕು ಬದಲಾದ ಮೇಲೆ ಮತ್ತೆ ಅಲ್ಲಿಗೆ ಬನ್ನಿ.

4. ನೀರಿನ ಮೇಲೆ ಗಿಡ ಚಾಪೆಯಂತೆ ಹಾಸಿಕೊಂಡಿದ್ದರೆ ಟೊಳ್ಳು ಕಪ್ಪೆ. ಇದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮೀನು ಕಪ್ಪೆಯನ್ನು ಎಳೆದುಕೊಂಡ ಮೇಲೆ ದಾರ ಬಿಗಿಯಾಗುವ ತನಕ ತಡೆದು, ಆಮೇಲೆ ಜೋರಾಗಿ ಎಳೆಯಿರಿ.

ಜೀವಂತ ಎರೆ ಎಲ್ಲಕ್ಕಿಂತ ಮೇಲಲ್ಲವೇ ಎಂದರೆ, ಹೌದು. ಕುರಿತಾ ಬಳಸಿದ್ದು ಜೀವಂತ ಬ್ಲೂಗಿಲ್. ಫ್ಲಾರಿಡಾದಲ್ಲಿ ದೊಡ್ಡ ಗೋಲ್ಡನ್ ಶೈನರ್ ಮೀನಿನ ಎರೆ ಹಳೆಯ ಕ್ರಮ. ಎರಡು ಎಚ್ಚರಿಕೆ ಮಾತ್ರ: ಯಾವ ಜೀವಂತ ಮೀನನ್ನು ಎರೆಯಾಗಿ ಬಳಸಬಹುದೆಂಬುದು ರಾಜ್ಯದಿಂದ ರಾಜ್ಯಕ್ಕೆ, ಕೆಲವೆಡೆ ಕೆರೆಯಿಂದ ಕೆರೆಗೆ ಬದಲಾಗುತ್ತದೆ, ಮತ್ತು ಜೀವಂತ ಎರೆಯನ್ನು ಮೀನು ಹೊಟ್ಟೆಯ ತನಕ ನುಂಗಿಬಿಟ್ಟರೆ ಅದು ಬದುಕುವುದು ಕಷ್ಟ. ಆ ಕಾರಣಕ್ಕೇ ನನ್ನ ಒಲವು ಕೃತಕ ಎರೆಯ ಕಡೆ.

ರಾಡ್, ರೀಲ್, ದಾರ, ಗಂಟು

ಇಲ್ಲಿ ಜಿಪುಣತನ ಸಲ್ಲದು, ಆಡಂಬರವೂ ಬೇಕಿಲ್ಲ. ಜಿಗ್ ಮತ್ತು ಹುಳುವಿಗೆ ಏಳು–ಏಳೂವರೆ ಅಡಿಯ ಹೆವಿ ರಾಡ್, ಬೇಟ್‌ಕಾಸ್ಟಿಂಗ್ ರೀಲ್, ಬಯಲು ನೀರಿಗೆ 20 ಪೌಂಡಿನ ಫ್ಲೋರೋಕಾರ್ಬನ್ ದಾರ. ದಟ್ಟ ಗಿಡದಲ್ಲಿ 50ರಿಂದ 65 ಪೌಂಡಿನ ಬ್ರೇಡ್. ಮೂರು ನಾಲ್ಕು ಔನ್ಸ್ ತೂಗುವ ಸ್ವಿಮ್‌ಬೇಟ್‌ಗೆ ಮಾತ್ರ ಅದೇ ತೂಕಕ್ಕೆಂದು ಮಾಡಿದ ಎಂಟಡಿ ರಾಡ್ ಮತ್ತು ದೊಡ್ಡ ರೀಲ್ ಬೇಕು; ಸಾದಾ ರಾಡಿನಲ್ಲಿ ಎಸೆದರೆ ರಾಡೇ ಮುರಿಯಬಹುದು. ಕೊಕ್ಕೆ ದಪ್ಪ ತಂತಿಯದಾಗಿರಬೇಕು, ಸಣ್ಣ ತಂತಿ ದೊಡ್ಡ ಮೀನಿನ ಎಳೆತಕ್ಕೆ ನೆಟ್ಟಗಾಗುತ್ತದೆ. ದಪ್ಪ ಕೊಕ್ಕೆ ಗಟ್ಟಿ ದವಡೆಗೆ ನಾಟಬೇಕೆಂದರೆ ಬಿರುಸು ರಾಡ್ ಬೇಕು, ಬಿರುಸು ರಾಡಿನ ಹೊಡೆತ ತಾಳಲು ದಪ್ಪ ದಾರ ಬೇಕು: ಒಂದಕ್ಕೊಂದು ಕೊಂಡಿ. ಇದರಲ್ಲಿ ಒಂದನ್ನು ಹಗುರ ಮಾಡಿದರೂ ಉಳಿದ ಎರಡು ವ್ಯರ್ಥ.

ದಪ್ಪ ದಾರ ಮೀನಿಗೆ ಕಾಣುತ್ತದೆ, ತೆಳುವಾದರೆ ಹೆಚ್ಚು ಕಚ್ಚುತ್ತವೆ ಎಂಬ ವಾದ ತಿಳಿನೀರಿನಲ್ಲಿ ಪೂರ್ತಿ ಸುಳ್ಳಲ್ಲ. ಆದರೂ ನಾನು ಒಪ್ಪುವುದಿಲ್ಲ. ಹೆಚ್ಚು ಕಚ್ಚುವವು ಯಾವುವು? ಮತ್ತೆ ಸಣ್ಣವೇ. ವರ್ಷಕ್ಕೊಮ್ಮೆ ಕಚ್ಚುವ ದೊಡ್ಡದು ಎಂಟು ಪೌಂಡಿನ ದಾರ ಹಿಡಿದು ಬೊಡ್ಡೆಯ ಸುತ್ತ ಒಂದು ಸುತ್ತು ಹಾಕಿದರೆ ಮುಗಿಯಿತು. ಬಾಯಲ್ಲಿ ಕೊಕ್ಕೆ ಉಳಿದ ಮೀನು ಅತ್ತ, ತುಂಡು ದಾರ ಇತ್ತ. ತೆಳು ದಾರದಲ್ಲಿ ಗೆದ್ದರೂ ಎಳೆದಾಟ ಬಹಳ ಹೊತ್ತು ನಡೆದು, ದಣಿದ ಮೀನು ಬಿಟ್ಟ ಮೇಲೆ ಸಾಯುವ ಸಂಭವ ಹೆಚ್ಚು. ಬೇಗ ಮುಗಿಸುವುದೇ ಮೀನಿಗೆ ಮಾಡುವ ಉಪಕಾರ.

ಗಂಟಿಗೆ ಪಾಲೋಮಾರ್ ಸಾಕು. ದಾರವನ್ನು ಜೋಡಿ ಮಡಿಕೆ ಮಾಡಿ ಕೊಕ್ಕೆಯ ಕಣ್ಣಿನೊಳಗೆ ತೂರಿಸಿ. ಜೋಡಿ ದಾರದಿಂದಲೇ ಸಡಿಲವಾಗಿ ಒಂದು ಸಾದಾ ಗಂಟು ಹಾಕಿ. ಉಳಿದ ಕುಣಿಕೆಯೊಳಗಿಂದ ಇಡೀ ಕೊಕ್ಕೆಯನ್ನು ದಾಟಿಸಿ. ಎಂಜಲು ಹಚ್ಚಿ ಒದ್ದೆ ಮಾಡಿ, ಎರಡೂ ತುದಿಗಳನ್ನು ಸಮವಾಗಿ ನಿಧಾನಕ್ಕೆ ಬಿಗಿಯಿರಿ. ಒಣದಾರವನ್ನು ಜಗ್ಗಿ ಬಿಗಿದರೆ ತಿಕ್ಕಾಟದ ಬಿಸಿಗೆ ಅದು ಅಲ್ಲೇ ಸೊರಗುತ್ತದೆ. ಕಣ್ಣಿಗೆ ಚೆನ್ನಾಗಿಯೇ ಕಂಡ ಗಂಟು ದೊಡ್ಡ ಮೀನಿನ ಮೊದಲ ಜಗ್ಗಿಗೆ ಬಿಟ್ಟುಕೊಡುತ್ತದೆ. ಬಂಡೆಗೆ, ಬೊಡ್ಡೆಗೆ ಉಜ್ಜಿದ ದಾರದ ಕೊನೆಯ ಎರಡು ಮೂರು ಅಡಿಯನ್ನು ಆಗಾಗ ಬೆರಳ ನಡುವೆ ಎಳೆದು ನೋಡಿ. ಉಗುರಿಗೆ ತರಿ ತಾಗಿದರೆ ಕತ್ತರಿಸಿ ಹೊಸದಾಗಿ ಕಟ್ಟಿ.

ಎಸೆದ ಮೇಲೆ

ಸ್ಯಾನ್ ಡಿಯಾಗೋದ ಬಿಲ್ ಮರ್ಫಿ ದೊಡ್ಡ ಬಾಸಿಗಾಗಿಯೇ ಬದುಕಿನ ಬಹುಭಾಗ ಕಳೆದವರು. 1992ರ ಅವರ ಪುಸ್ತಕವನ್ನು ಈ ಹವ್ಯಾಸದವರು ಇಂದಿಗೂ ಹುಡುಕಿ ಓದುತ್ತಾರೆ. ಅವರ ಕ್ರಮದ ತಿರುಳು ನಿಶ್ಶಬ್ದ ಮತ್ತು ನಿಧಾನ. ದೋಣಿಗೆ ಲಂಗರು ಹಾಕಿ ಅಲುಗದಂತೆ ನಿಲ್ಲಿಸಿ, ಎಸೆದ ಎರೆಯನ್ನು ರೀಲ್ ತಿರುಗಿಸದೆ, ದಾರವನ್ನು ಬೆರಳುಗಳಿಂದ ಇಂಚಿಂಚೇ ಸೆಳೆದುಕೊಳ್ಳುತ್ತಾ ನೆಲದ ಮೇಲೆ ತೆವಳಿಸುವುದನ್ನು ಅವರು ಹೇಳಿಕೊಟ್ಟರು. ಒಂದು ಎಸೆತಕ್ಕೆ ಹಲವು ನಿಮಿಷ ಹಿಡಿಯಬಹುದು. ಜಿಗ್ ಬಂಡೆ ಹತ್ತುವಾಗ ದಾರ ಬಿಗಿಯಾಗುತ್ತದೆ, ಅಂಚಿನಿಂದ ಕೆಳಗುರುಳಿದಾಗ ಸಡಿಲವಾಗುತ್ತದೆ, ಜಲ್ಲಿಯಾದರೆ ಬೆರಳಿಗೆ ಟಿಕ್ ಟಿಕ್ ಎನ್ನುತ್ತದೆ, ಕೆಸರಾದರೆ ಏನೂ ಇಲ್ಲದೆ ಜಡವಾಗುತ್ತದೆ. ಹೀಗೆ ನೆಲವನ್ನು ಬೆರಳಲ್ಲಿ ಓದಲು ಬಂದಮೇಲೆ ಅದಲ್ಲದ್ದು ತಟ್ಟನೆ ತಿಳಿಯುತ್ತದೆ. ದೊಡ್ಡ ಬಾಸ್ ಹಲವು ಸಲ ಜಗ್ಗುವುದೇ ಇಲ್ಲ; ಬಾಯಿ ತೆರೆದು ನೀರಿನೊಡನೆ ಎರೆಯನ್ನು ಒಳಗೆಳೆದುಕೊಳ್ಳುತ್ತದೆ. ನಿಮಗೆ ತಿಳಿಯುವುದು ದಾರ ಒಮ್ಮೆ ಚಿಕ್ಕದಾಗಿ ನೆಗೆದದ್ದು, ಅಥವಾ ಜಿಗ್ಗಿನ ಭಾರವೇ ಇಲ್ಲವಾದದ್ದು, ಅಥವಾ ದಾರ ಪಕ್ಕಕ್ಕೆ ಸರಿಯುತ್ತಿರುವುದು. ಊರಲ್ಲಿ ಬೆಂಡು ಮುಳುಗುವುದನ್ನು ಕಾಯ್ದು ಗಾಳ ಹಾಕಿ ಬೆಳೆದವರು ಇಲ್ಲೊಂದು ಹೊಸ ಅಭ್ಯಾಸ ಮಾಡಿಕೊಳ್ಳಬೇಕು: ಮುಳುಗುವ ಬೆಂಡಿಲ್ಲ, ದಾರವೇ ಬೆಂಡು. ಅನುಮಾನ ಬಂದರೆ ಸಡಿಲ ದಾರವನ್ನು ಬೇಗ ಸುತ್ತಿ ಬಲವಾಗಿ ಎಳೆಯಿರಿ. ಎಳೆಯುವುದಕ್ಕೆ ಖರ್ಚಿಲ್ಲ.

ಸಾಮಾನ್ಯ ತಪ್ಪುಗಳು

ಬಹಳ ದೊಡ್ಡ ತಪ್ಪು ಜಾಗ ಬದಲಿಸುತ್ತಲೇ ಇರುವುದು. ಸರಿಯಾದ ಜಾಗ ಮೂರು ಕಂಡುಕೊಂಡವರು ದಿನವಿಡೀ ಆ ಮೂರರ ನಡುವೆಯೇ ಓಡಾಡಬೇಕು. ಮೀನು ಅಲ್ಲಿಲ್ಲವೆಂದಲ್ಲ, ಇನ್ನೂ ಹಸಿದಿಲ್ಲ. ಮುಂಜಾವ, ಮುಸ್ಸಂಜೆ, ಮೋಡ ಕವಿದ ಗಳಿಗೆ, ದಂಡೆಗೆ ಗಾಳಿ ಬಡಿಯಲು ಶುರುವಾದ ಹೊತ್ತು, ಇವುಗಳಲ್ಲಿ ನಿಮ್ಮ ಎರೆ ಅತ್ಯುತ್ತಮ ಜಾಗದಲ್ಲಿರಬೇಕು. ಎರಡನೆಯದು ಸದ್ದು. ದೋಣಿಯ ತಳಕ್ಕೆ ಬೀಳುವ ಪೆಟ್ಟಿಗೆ, ಧಡಧಡ ಹೆಜ್ಜೆ, ಮೀನಿನ ತಲೆಯ ಮೇಲೇ ಓಡಿಸುವ ಮೋಟರ್, ಇವೆಲ್ಲ ನೀರಲ್ಲಿ ಬಹುದೂರ ಹೋಗುತ್ತವೆ; ಹತ್ತು ವರ್ಷ ಬದುಕಿದ ಮೀನಿಗೆ ಅವುಗಳ ಅರ್ಥ ಗೊತ್ತು. ಮೂರನೆಯದು ಬಣ್ಣದ ವ್ಯಾಮೋಹ: ಜಾಗ, ಆಳ, ವೇಗ ಸರಿಯಿದ್ದರೆ ಬಣ್ಣ ಕೊನೆಯ ಮಾತು. ಮೊಟ್ಟೆಯ ಗೂಡು ಕಾಯುವ ಮೀನನ್ನು ಕೆಣಕಿ ಹಿಡಿಯುವ ಪದ್ಧತಿ ಬಹುತೇಕ ಕಡೆ ಕಾನೂನಿಗೆ ವಿರುದ್ಧವಲ್ಲ. ಆದರೆ ಕಾವಲು ತಪ್ಪಿದ ಗೂಡಿಗೆ ಬ್ಲೂಗಿಲ್‌ಗಳು ಕ್ಷಣದಲ್ಲಿ ನುಗ್ಗುತ್ತವೆ. ಹಿಡಿದರೆ ಅಲ್ಲೇ, ಕೂಡಲೇ ಬಿಡಿ.

ಎಚ್ಚರಿಕೆಗಳು

ಸಾಮಾನು ಸಿದ್ಧವಿಲ್ಲದೆ ಮೀನನ್ನು ನೀರಿನಿಂದ ಎತ್ತಬೇಡಿ. ರಬ್ಬರ್ ಲೇಪದ ಬಲೆ, ಇಕ್ಕಳ, ತಕ್ಕಡಿ, ಅಳತೆ ಪಟ್ಟಿ ಕೈಗೆಟಕುವಂತಿರಲಿ. ಮೀನನ್ನು ಬಲೆಯೊಳಗೆ ನೀರಲ್ಲೇ ಇಟ್ಟು ಕೊಕ್ಕೆ ಬಿಡಿಸಿ. ಒದ್ದೆ ಕೈಯಲ್ಲೇ ಮುಟ್ಟಿ, ಮೈಮೇಲಿನ ಲೋಳೆ ಅದರ ರಕ್ಷಣೆ. ಎತ್ತುವಾಗ ಒಂದು ಕೈ ಕೆಳದವಡೆಗೆ, ಇನ್ನೊಂದು ಹೊಟ್ಟೆಯಡಿಗೆ. ದವಡೆಯೊಂದನ್ನೇ ಹಿಡಿದು ತೂಗಾಡಿಸಿದರೆ, ಅಥವಾ ಓರೆಯಾಗಿ ಬಗ್ಗಿಸಿದರೆ ಹತ್ತು ಪೌಂಡಿನ ಭಾರಕ್ಕೆ ದವಡೆಯ ಕೀಲಿಗೆ ಪೆಟ್ಟಾಗುತ್ತದೆ. ಎತ್ತುವಾಗ ನೀವೂ ಉಸಿರು ಹಿಡಿಯಿರಿ. ನಿಮಗೆ ಉಸಿರು ಬೇಕೆನಿಸಿದಾಗ ಅದಕ್ಕೂ ಬೇಕು. ಬೇಸಿಗೆಯಲ್ಲಿ ನೀರು 80 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಫೋಟೋ ಆಸೆಯನ್ನೇ ಮೊಟಕು ಮಾಡಿ. ಮೂವತ್ತು ಅಡಿಗಿಂತ ಆಳದಿಂದ ಬಂದ ಮೀನಿನ ಗಾಳಿಚೀಲ ಉಬ್ಬಿ ಅದು ಮುಳುಗಲಾರದೆ ಒದ್ದಾಡಬಹುದು. ಆದ್ದರಿಂದ ಬಹಳ ಆಳದಲ್ಲಿ ಹಿಡಿಯದಿರುವುದೇ ಲೇಸು.

ತಿನ್ನಲು ಇಟ್ಟುಕೊಳ್ಳುವ ಹಕ್ಕು ಕಾನೂನು ಒಪ್ಪಿದಷ್ಟು ನಿಮಗಿದೆ. ಆದರೆ ಬೇಟೆಯಾಡಿ ಬದುಕುವ ಹಳೆಯ ಮೀನಿನ ಮೈಯಲ್ಲಿ ಪಾದರಸ ವರ್ಷವರ್ಷಕ್ಕೂ ಸೇರುತ್ತಾ ಹೋಗುತ್ತದೆ. ಯಾವ ಕೆರೆಯ ಮೀನನ್ನು ಎಷ್ಟು ತಿನ್ನಬಹುದೆಂಬ ಸಲಹೆಯನ್ನು ರಾಜ್ಯಗಳು ಪ್ರಕಟಿಸುತ್ತವೆ. ಗರ್ಭಿಣಿಯರೂ ಮಕ್ಕಳೂ ಅದನ್ನು ಪಾಲಿಸಲೇಬೇಕು. ಸಾರಿಗೆ ಚಿಕ್ಕದು ಸಾಕು, ರುಚಿಯೂ ಅದರದ್ದೇ ಮೇಲು.

ಹೊರಡುವ ಮುನ್ನ ಆ ರಾಜ್ಯದ ಲೈಸೆನ್ಸ್, ಆ ಜಲಾಶಯದ ಉದ್ದದ ಮಿತಿ, ರಾತ್ರಿಯ ನಿಯಮ ನೋಡಿಕೊಳ್ಳಿ. ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮೈನ್‌ಗಳಲ್ಲಿ ಸಣ್ಣ ಸೀಸದ ಗುಂಡುಗಳಿಗೆ ನಿಷೇಧವಿದೆ, ಟಂಗ್‌ಸ್ಟನ್ ಬಳಸಿ. ದೊಡ್ಡ ಮೀನಿನ ಕಾಲ ತಣ್ಣೀರಿನ ಕಾಲವೂ ಹೌದು, ದೋಣಿಯಿಂದ ಬಿದ್ದರೆ ಈಜು ಬಲ್ಲವರ ಕೈಕಾಲೂ ನಿಮಿಷಗಳಲ್ಲಿ ಸೋಲುತ್ತವೆ: ಲೈಫ್ ಜಾಕೆಟ್ ತೊಟ್ಟೇ ಇರಿ. 26 ಅಡಿಗಿಂತ ಚಿಕ್ಕ ಮೋಟರ್ ದೋಣಿಗಳಲ್ಲಿ ಎಂಜಿನ್ ನಿಲ್ಲಿಸುವ ಕೊಂಡಿಯನ್ನು ಚಾಲಕರು ಮೈಗೆ ಸಿಕ್ಕಿಸಿಕೊಳ್ಳಬೇಕೆಂಬ ಕಾನೂನು 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಫ್ಲಾರಿಡಾದ ದಂಡೆಗಳಲ್ಲಿ ಮೊಸಳೆ ಜಾತಿಯ ಆಲಿಗೇಟರ್‌ಗಳಿರುತ್ತವೆ, ನೀರಿಗಿಳಿಯಬೇಡಿ. ಜಪಾನಿನಲ್ಲಿರುವವರು ಗಮನಿಸಬೇಕಾದದ್ದು: ಅಲ್ಲಿ ಬಾಸ್ ಪರದೇಶದಿಂದ ಬಂದ ಹಾವಳಿಯ ಮೀನು, ಬಿವಾದಲ್ಲಿ ಹಿಡಿದದ್ದನ್ನು ಮರಳಿ ನೀರಿಗೆ ಬಿಡುವುದೇ ನಿಷಿದ್ಧ. ಇದೇ ಕಾರಣಕ್ಕೆ ಬಾಸನ್ನು ಕರ್ನಾಟಕದ ಕೆರೆ–ಹೊಳೆಗಳಿಗೆ ತರುವ ಯೋಚನೆಯನ್ನು ಯಾರೂ ತಮಾಷೆಗೂ ಮಾಡಬಾರದು.

ತಕ್ಕಡಿ ಇಲ್ಲದ ದಿನ ದೊಡ್ಡದು ಸಿಕ್ಕರೆ ಪಟ್ಟಿಯಿಂದ ಇಂಚಿನಲ್ಲಿ ಉದ್ದವನ್ನೂ ಅತಿ ದಪ್ಪ ಜಾಗದ ಸುತ್ತಳತೆಯನ್ನೂ ತೆಗೆದುಕೊಳ್ಳಿ. ಉದ್ದವನ್ನು ಸುತ್ತಳತೆಯಿಂದ ಎರಡು ಸಲ ಗುಣಿಸಿ 800ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಪೌಂಡಿನ ತೂಕ ಬರುತ್ತದೆ: 26 ಇಂಚು ಉದ್ದ, 20 ಇಂಚು ಸುತ್ತಳತೆ ಇದ್ದರೆ 13 ಪೌಂಡ್, ಅಂದರೆ ಶೇರ್‌ಲಂಕರ್ ಗಡಿ. ಟೆಕ್ಸಾಸಿನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಅಂಥದ್ದು ಸಿಕ್ಕರೆ ನೀರಲ್ಲೇ ಜೀವಂತ ಇಟ್ಟುಕೊಂಡು ಕೂಡಲೇ ಕಾರ್ಯಕ್ರಮದವರಿಗೆ ಫೋನ್ ಮಾಡಬೇಕು, ಅವರೇ ಬಂದು ಒಯ್ಯುತ್ತಾರೆ. ಫ್ಲಾರಿಡಾದಲ್ಲಾದರೆ ತಕ್ಕಡಿಗೆ ಹಾಕಿದ ಇಡೀ ಮೀನು ಮತ್ತು ತೂಕದ ಅಂಕೆ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣಬೇಕು. ಆ ಚಿತ್ರ ತೆಗೆಯುವ ಫೋನನ್ನು ಮೊದಲೇ ಜೇಬಿನಿಂದ ಹೊರಗಿಟ್ಟುಕೊಳ್ಳಿ.